ನಾನು ಬರೆದ ಲಾರಿ ತೂಕದ ರಿಪೋರ್ಟು

೧೯೨೬ರಲ್ಲಿ ನಾನು ಓದು ನಿಲ್ಲಿಸಿದೆ. ನಿಲ್ಲಿಸಿದೆ ಎನ್ನುವುದೇ ಸರಿ, ನಪಾಸಾಗಿ ಬಿಟ್ಟವನಲ್ಲ. ಅಪ್ಪನಿಗೆ ಬೆನ್ನು ಹಿಡಿದುಕೊಂಡಿತು. ದಂಡುಪ್ರದೇಶದ ಮಂಡಿಯಲ್ಲಿ ಅವನು ಹೊರಬೇಕಾದ ಮೂಟೆಗಳನ್ನು ನಾನು ಹೊತ್ತೆ. ಹೀಗೆ ಬೆಳೆದವನಿಗೆ ತೂಕದ ವಿಚಾರ ಬಿ.ಎ. ಓದಿದವನಿಗಿಂತ ಚೆನ್ನಾಗಿ ಗೊತ್ತಿರುತ್ತದೆ ಎಂಬುದು ನನ್ನ ನಂಬಿಕೆ. ಈಚೆಗೆ ಆ ನಂಬಿಕೆ ಕೊಂಚ ಕುಂಟುತ್ತಿದೆ.

ಹಲಸೂರು ದಾಟಿ ಕೃಷ್ಣರಾಜಪುರಕ್ಕೆ ಹೋಗುವ ರಸ್ತೆಯ ಗೇಟಿನಲ್ಲಿ ನಾನು ಲಾರಿ ತಪಾಸಣೆಯವನು. ನೆಲದ ಮಟ್ಟಕ್ಕೆ ಹಾಸಿದ ಕಬ್ಬಿಣದ ಹಲಗೆಯ ಮೇಲೆ ಲಾರಿ ಬಂದು ನಿಲ್ಲಬೇಕು. ಪಕ್ಕದ ಗೂಡಿನಲ್ಲಿ ಕೂತ ಪ್ಯೂನ್ ಚಿನ್ನಪ್ಪ ತಕ್ಕಡಿಯ ದಂಡಿಗೆಯ ಮೇಲೆ ಗುಂಡು ಸರಿಸಿ ತೂಕ ಕೂಗುತ್ತಾನೆ. ಎತ್ತರ, ಅಗಲಗಳನ್ನು ಬಿದಿರಿನ ಗಳು ಹಿಡಿದು ಅಳೆಯುವುದು ನನ್ನ ಪಾಲು. ತೂಕ ಮಿತಿ ಮೀರಿದ್ದರೆ ಅಲ್ಲೇ ಮೂಟೆ ಇಳಿಸಿ ಮುಂದೆ ಹೋಗಬೇಕು. ಎಷ್ಟು ಲಾರಿ ಹಿಡಿದೆವು ಎಂದು ವರ್ಷಕ್ಕೊಮ್ಮೆ ಸರ್ಕಾರಕ್ಕೆ ರಿಪೋರ್ಟು. ನನ್ನದು ಟೆಂಪರರಿ ಕೆಲಸ. ಈ ವರ್ಷದ ರಿಪೋರ್ಟು ಚೆನ್ನಾಗಿದ್ದರೆ ಕಾಯಂ ಆಗುತ್ತದೆಂದು ಹೆಡ್ ಕ್ಲಾರ್ಕು ಹೇಳಿದ್ದರು. ಆಗುತ್ತದೆ ಎಂದು ನಾನು ಮನೆಯಲ್ಲಿ ಹೇಳಿದೆ. ಆಗಿದೆ ಎಂದು ನನ್ನ ಹೆಂಡತಿ ಬೀದಿಗೆಲ್ಲ ಹೇಳಿದಳು.

ನನಗಿಂತ ಮುಂಚೆ ಇದ್ದವರು ಮೊದಲು ತೂಗಿ, ಆಮೇಲೆ ಅಳೆಯುತ್ತಿದ್ದರು. ಸೋಮಾರಿಗಳು. ನಾನು ಬಂದ ಮೇಲೆ ಎರಡೂ ಒಂದೇ ಏಟಿಗೆ. ಲಾರಿ ಹಲಗೆ ಏರಿದ ಕೂಡಲೇ ಗಳು ಹಿಡಿದು ನಾನೂ ಏರುತ್ತಿದ್ದೆ. ನಾನು ಅಳೆಯುವಷ್ಟರಲ್ಲಿ ಚಿನ್ನಪ್ಪ ತೂಕ ಕೂಗುತ್ತಿದ್ದ. ಹಿಂದೆಲ್ಲ ತಿಂಗಳಿಗೆ ಒಂದೋ ಎರಡೋ ಲಾರಿ ಸಿಕ್ಕುತ್ತಿದ್ದವಂತೆ. ನನಗೆ ದಿನಾ ಸಿಕ್ಕಿದವು. ಅದಕ್ಕಿಂತ ಸೋಜಿಗವೆಂದರೆ ಸಿಕ್ಕಿದವೆಲ್ಲ ಸುಮಾರು ನೂರೈವತ್ತು ಪೌಂಡಿನಷ್ಟೇ ಮಿತಿ ಮೀರಿರುತ್ತಿದ್ದವು. ಯೋಚಿಸಿ ಯೋಚಿಸಿ ರಿಪೋರ್ಟಿನಲ್ಲಿ ಬರೆದೆ: 'ಡ್ರೈವರುಗಳೆಲ್ಲ ಒಳಸಂಚು ಮಾಡಿ ಒಂದೇ ಅಳತೆಯಲ್ಲಿ ಮೋಸ ಮಾಡುತ್ತಿದ್ದಾರೆ.' ಹೆಡ್ ಕ್ಲಾರ್ಕು ಓದಿ, "ಭೇಷ್! ಕಾಯಂ ಆಯ್ತು ಅಂತ್ಲೇ ತಿಳ್ಕೊ" ಎಂದರು.

ಮಾರನೆಯ ದಿನ ಡ್ರೈವರ್ ಬಾಷಾ ಸಾಬರ ಲಾರಿ ಬಂತು. ಯುದ್ಧಕಾಲ, ಪೆಟ್ರೋಲಿಲ್ಲ, ಲಾರಿ ಓಡುತ್ತಿದ್ದದ್ದು ಇದ್ದಿಲ ಗ್ಯಾಸಿನಲ್ಲಿ; ಬೆನ್ನಿಗೆ ಕಟ್ಟಿಕೊಂಡ ಅದರ ಪೀಪಾಯಿ ಬುಸುಗುಡುತ್ತಿತ್ತು. ಚಿನ್ನಪ್ಪ ಎಂದಿನಂತೆ, "ನೂರೈವತ್ತು ಜಾಸ್ತಿ!" ಎಂದ.

"ಅರೆ ಭಾಯಿ, ಪೀಪಾಯಿ ಸಮೇತ ಮಂಡೀಲಿ ತೂಗ್ಸ್ಕೊಂಡೇ ಬಂದಿದೀನಿ. ಮಿತಿಗೆ ಸರಿಯಾಗಿತ್ತು!" ಎಂದು ಸಾಬರು ಕೆಳಗಿಳಿದು ಬಂದರು. ನನ್ನ ಕಾಲನ್ನು ನೋಡಿದರು. ಹಲಗೆ ನೋಡಿದರು. "ಸಾಬ್, ಸ್ವಲ್ಪ ಈ ಕಡೆ ಬನ್ನಿ."

ಬಂದೆ. ಒಳಗೆ ದಂಡಿಗೆ ಟಣ್ಣೆಂದು ಕೆಳಗೆ ಬಿತ್ತು.

"ಇಷ್ಟು ದಿನ ನಮ್ದು ಒಂದೊಂದು ಮೂಟೆ ಇಳ್ಸಿದ್ರಲ್ಲ ಸಾಬ್! ನೀವೊಬ್ರು ಇಳಿದಿದ್ರೆ ಸಾಕಾಗ್ತಿತ್ತು."

ಚಿನ್ನಪ್ಪನನ್ನು ನೋಡಿದೆ. "ನಂಗೆ ಅನುಮಾನ ಇತ್ತು ಸ್ವಾಮಿ. ನೀವು ಒಳಸಂಚು ಅಂದ್ರಿ, ಸುಮ್ನಾದೆ" ಎಂದ.

ಆಫೀಸಿಗೆ ಓಡಿದೆ. ಹೆಡ್ ಕ್ಲಾರ್ಕು ಬಾಗಿಲು ಮುಚ್ಚಿಕೊಂಡು ಹೇಳಿದರು: "ಲೋ ಮಹರಾಯ, ಫೇರ್ ಕಾಪಿ ಆಗಿದೆ. ಸಹಿ ಹಾಕು, ಕಾಯಂ ಆಗು. ಲಾರಿ ಬಂದು ಸಾಕ್ಷಿ ಹೇಳುತ್ತೇನು?"

ಹೇಳುವುದಿಲ್ಲ. ಆದರೆ ಒಬ್ಬರು ಇಳಿಸು ಎಂದದ್ದಕ್ಕೆ ಮೂಟೆ ಇಳಿಸಿ, ಮತ್ತೆ ಅದನ್ನೇ ಹೊರುವುದು ಎಂಥ ಕೆಲಸವೆಂದು ನನ್ನ ಹೆಗಲಿಗೆ ಗೊತ್ತು. ಷರಾದ ಕಾಲಂನಲ್ಲಿ ನನ್ನ ಕೈಯಾರೆ ಬರೆದೆ: 'ಮೇಲ್ಕಂಡ ಲಾರಿಗಳಲ್ಲಿ ಕಂಡುಬಂದ ಹೆಚ್ಚುವರಿ ಭಾರ ತಪಾಸಣೆಗಾರನದು.' ಸಹಿ ಹಾಕಿದೆ.

ಎರಡು ತಿಂಗಳಿಗೆ ಮೇಲಿನಿಂದ ಉತ್ತರ ಬಂತು. ಗೇಟಿನಲ್ಲಿ ಅಪರಾಧಗಳೇ ಇಲ್ಲವಾದ್ದರಿಂದ ಹುದ್ದೆಯನ್ನು ಕಾಯಂ ಮಾಡಲು ಕಾರಣ ಕಾಣುವುದಿಲ್ಲ. ಇನ್ನೊಂದು ವರ್ಷ ಟೆಂಪರರಿಯಾಗಿ ಮುಂದುವರಿಯಲಿ. ತಪಾಸಣೆಗಾರ ನೆಲದ ಮೇಲೆ ನಿಲ್ಲತಕ್ಕದ್ದು.

ಬೀದಿಯವರಿಗೆ ಏನು ಹೇಳುವುದೆಂದು ಹೆಂಡತಿ ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ತಟ್ಟೆಯ ಮುಂದೆ ನಿಂತು, "ಎರಡನೇ ಮುದ್ದೆ ಹಾಕ್ಲೋ, ಇಲ್ಲಾ ಭಾರ ಜಾಸ್ತಿ ಆಗುತ್ತಾ ಅಂತ ಸರ್ಕಾರಾನ ಕೇಳ್ಬೇಕೋ?" ಎಂದಳು. ಹಾಕು ಎಂದೆ.

ಈಗ ನನಗಿರುವುದು ಹೆಂಡತಿ ಒಬ್ಬಳು, ಮಕ್ಕಳು ಮೂವರು, ಹಲಸೂರಿನ ಗಲ್ಲಿಯಲ್ಲಿ ಬಾಡಿಗೆಯ ಕೋಣೆ ಎರಡು, ಟೆಂಪರರಿ ಕೆಲಸ ಒಂದು.