ಮದುಮಗಳ ಜಂಪರು ಮತ್ತು ನನ್ನ ಪಾಸ್‌ವರ್ಡು

ಚೆನ್ನಾಗಿ ನಡೆಯುತ್ತಿರುವ ವಸ್ತುವನ್ನು ಅದರ ಪಾಡಿಗೆ ಬಿಡಲಾರದ ಗಂಡಸರ ಜಾತಿಯೊಂದಿದೆ. ತಿರುಗುವ ಫ್ಯಾನಿಗೆ ಎಣ್ಣೆ ಬಿಟ್ಟು ನಿಲ್ಲಿಸುವವರು, ಸರಿಯಾದ ಹೊತ್ತು ತೋರಿಸುವ ಗಡಿಯಾರವನ್ನು ಬಿಚ್ಚಿ ಒರೆಸಿ ಒಂದು ಸ್ಕ್ರೂ ಉಳಿಸಿಕೊಳ್ಳುವವರು. ನಾನು ಆ ಜಾತಿಗೆ ಸೇರಿದವನು. ಗಜೇಂದ್ರಗಡದಲ್ಲಿ ನಮ್ಮ ಮನೆಯ ಪಡಸಾಲೆಯೇ ನನ್ನ ಹೆಂಡತಿ ಗಿರಿಜಾಳ ಹೊಲಿಗೆ ಅಂಗಡಿ. ಸುತ್ತಲಿನ ಊರುಗಳ ಹೆಂಗಸರ ಜಂಪರಿನ ಅಳತೆಗಳು ಮೊದಲು ಚೀಟಿಗಳಲ್ಲಿ, ಬಿಸ್ಕತ್ತಿನ ಡಬ್ಬಿಯೊಳಗೆ ಸುಖವಾಗಿದ್ದವು. ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ನನಗೆ ಆ ಸುಖ ಕಣ್ಣಿಗೆ ಚುಚ್ಚಿತು. ಎಲ್ಲವನ್ನೂ ಡೇಟಾಬೇಸಿಗೆ ಏರಿಸಿ, ಚೀಟಿಗಳನ್ನು ನೀರೊಲೆಗೆ ಹಾಕಿಸಿದೆ. "ಅಳತಿ ನಿಂದು, ಪಾಸ್‌ವರ್ಡೂ ನಿಂದ ಇರ್ಲಿ" ಎಂದು ದೊಡ್ಡ ಮನಸ್ಸು ಮಾಡಿ, ಅಡ್ಮಿನ್ ಪಾಸ್‌ವರ್ಡನ್ನು ಅವಳ ಕೈಯಿಂದಲೇ ಹಾಕಿಸಿದ್ದೆ. ಆಮೇಲೆ ಅದರ ಅಗತ್ಯವೇ ಬೀಳಲಿಲ್ಲ. ಒಂದು ಪುಟ್ಟ ಫೈಲು ಅದನ್ನು ನೆನಪಿಟ್ಟುಕೊಂಡು ತಾನೇ ಬಾಗಿಲು ತೆಗೆಯುತ್ತಿತ್ತು.

ಮೊನ್ನೆ ರಜೆಯ ದಿನ, ಡಿಸ್ಕು ತುಂಬಿತೆಂದು ಡೇಟಾ ಇದ್ದ ಫೋಲ್ಡರನ್ನು ಹೊಸ ಡಿಸ್ಕಿಗೆ ಸಾಗಿಸಿದೆ. ಸರ್ವರು ಎದ್ದಿತು. ನಾನು ಹಿಗ್ಗಿ, ಹಳೇ ಜಾಗವನ್ನು ಗುಡಿಸಿ ಸಾರಿಸುವ ಹುರುಪಿನಲ್ಲಿ ಆ ಪುಟ್ಟ ಫೈಲನ್ನೂ ಅಳಿಸಿಬಿಟ್ಟೆ. ಈಗ ಅಳತೆ ಕೇಳಿದರೆ 'ಪ್ರವೇಶವಿಲ್ಲ' ಎಂಬ ಉತ್ತರ. ಪಾಸ್‌ವರ್ಡ್ ಇಲ್ಲದೆಯೇ ಸರ್ವರನ್ನು ಎಬ್ಬಿಸುವ ಉಪಾಯವೊಂದಿದೆ, ಹುಡುಗರಿಗೆ ನಾನೇ ಪಾಠ ಮಾಡಿದ್ದೇನೆ. ಅದನ್ನು ಮಾಡಿದೆ, ಸರ್ವರು ಏಳಲೇ ಇಲ್ಲ. ಬೆವರು ಒರೆಸಿಕೊಳ್ಳುತ್ತ ಎಲ್ಲವನ್ನೂ ಮೊದಲಿನಂತೆ ಮಾಡುವಷ್ಟರಲ್ಲಿ ಯಾವಗಲ್ ಎಂಬ ಹಳ್ಳಿಯಿಂದ ಗಿರಿಜಾಳ ಗಿರಾಕಿ ಬಸವ್ವ ಬಂದಿಳಿದಳು.

ಬಸವ್ವನ ಅಣ್ಣನ ಮಗಳಿಗೆ ಮರುದಿನ ಮದುವೆ. ಅಕ್ಕಿಕಾಳು, ಎಂದರೆ ಅಕ್ಷತೆ, ಬೀಳುವ ಹೊತ್ತಿಗೆ ಉಡುವ ಸೀರೆಯ ಜಂಪರನ್ನು ಸಂಜೆಯ ಬಸ್ಸಿಗೇ ಕಳಿಸುತ್ತೇನೆಂದು ಗಿರಿಜಾ ಆ ಹುಡುಗಿಗೆ ಮಾತು ಕೊಟ್ಟಿದ್ದಳು.

"ಅಳತಿ ಜಂಪರ ತಂದಿಲ್ಲವಾ ನಾ. ಎಲ್ಲಾ ಕಂಪ್ಯೂಟರನ್ಯಾಗ ಐತಿ ಅಂದಿದ್ದೆಲ್ಲ ನೀ? ಹುಡುಗಿಗೆ ಅರಿಷಿಣ ಹಚ್ಚೇವಿ, ಹೊಸ್ತಿಲಾ ದಾಟಂಗಿಲ್ಲ" ಎಂದಳು ಬಸವ್ವ.

ಫೋನಿನಲ್ಲಿ ಅಳತೆ ತರಿಸೋಣವೆಂದೆ. ಬೇರೆಯವರು ಟೇಪು ಹಿಡಿದ ಅಳತೆಗೆ ಗಿರಿಜಾ ಕತ್ತರಿ ಹಾಕುವವಳಲ್ಲ. ಬಟ್ಟೆ ಹಾಸಿಕೊಂಡು ನನ್ನ ಮುಖ ನೋಡಿದಳು.

"ಪಾಸ್‌ವರ್ಡ್ ಏನ ಇಟ್ಟೀ?" ಎಂದೆ.

ಅಲ್ಲೇ ಜೋಳ ಹಸನು ಮಾಡುತ್ತ ಕೂತಿದ್ದ ನನ್ನ ಅವ್ವನ ಕಡೆ ಒಮ್ಮೆ ನೋಡಿ, ಮೆಲ್ಲಗೆ "ನಿಮ್ದರಿ" ಎಂದಳು.

"ನಂದಲ್ಲ, ನಿಂದ ಕೇಳಾಕತ್ತೇನಿ."

"ಅದ ರೀ, ನಿಮ್ದ!"

'ನಿಮ್ದ' ಎಂದು ಟೈಪು ಮಾಡಿದೆ. ಪ್ರವೇಶವಿಲ್ಲ. ಮನೆದೇವರ ಹೆಸರು, ಮಗಳ ಹೆಸರು, ಅವಳ ತವರೂರು ಬೆಳವಣಕಿ, ಕೊನೆಗೆ ನಮ್ಮ ಎಮ್ಮೆಯ ಹೆಸರನ್ನೂ ಹಾಕಿ ನೋಡಿದೆ. ಗಿರಿಜಾ ಕತ್ತರಿ ಕೆಳಗಿಟ್ಟಳು. "ಆ ಹುಡುಗಿ ನನ್ನ ಕಡೆ ಜಂಪರಷ್ಟ ಕೇಳ್ಯಾಳರಿ. ಅಕ್ಕಿಕಾಳ ಬೀಳೂ ಹೊತ್ತಿನ್ಯಾಗ ಹಳೇದ ಹಾಕ್ಕೊಂಡ ನಿಂದ್ರಬೇಕೇನ ಅಕಿ?" ಅಂದಳು.

ಮೊದಲು ತಿಳಿದದ್ದು ಬಸವ್ವನಿಗೆ. "ಏ ತಮ್ಮಾ, ಗಂಡನ ಹೆಸರ ಬಾಯಿಬಿಟ್ಟ ಹ್ಯಾಂಗ ಹೇಳ್ಯಾಳು, ಅದೂ ಅತ್ತಿ ಮುಂದ? ಒಡಪ ಹಾಕಿ ಹೇಳವಾ ಗಿರಿಜಾ!" ನಮ್ಮ ಕಡೆ ಹೆಂಗಸರು ಗಂಡನ ಹೆಸರನ್ನು ಹಾಗೆಯೇ ಹೇಳುವುದಿಲ್ಲ, ಒಡಪಿನ ಪದದಲ್ಲಿ ಸುತ್ತಿಕೊಡುತ್ತಾರೆ. ಗಿರಿಜಾ ಸೆರಗು ಎಳೆದುಕೊಂಡಳು. ನಾಚಿಕೆಗಿಂತ ಸಿಟ್ಟೇ ಜಾಸ್ತಿ ಇತ್ತು.

"ಬೆಳ್ಳಿ ಕತ್ತರಿ, ಬಂಗಾರದ ಸೂಜಿ, ರೇಷ್ಮಿ ದಾರ,
ಅಳತಿ ಕಳದು ಕುಂತ ಅಳತಾರ ನಮ್ಮ ಈರಣ್ಣಾರ!"

ಅವ್ವ ನಕ್ಕ ರಭಸಕ್ಕೆ ಮೊರದ ಜೋಳವೆಲ್ಲ ಚೆಲ್ಲಿತು. ಎಮ್ಮೆಯ ಹೆಸರು ಹೊಳೆದವನಿಗೆ ನನ್ನದು ಹೊಳೆದಿರಲಿಲ್ಲವಲ್ಲ! ಇಂಗ್ಲಿಷ್ ಅಕ್ಷರಗಳಲ್ಲಿ 'ಈರಣ್ಣ' ಎಂದು ಒತ್ತಿದೆ. ಪ್ರವೇಶವಿಲ್ಲ. ಗಿರಿಜಾ ಎದ್ದು ಬಂದು, ನನ್ನ ಕೈ ಸರಿಸಿ, ಹೆಸರಿನ ಕೊನೆಗೆ 'ಅವರು' ಎಂದು ಸೇರಿಸಿದಳು. ತೆರೆಯಿತು!

"ಬರೇ ಈರಣ್ಣ ಅಂತ ಏಕವಚನದಾಗ ಹ್ಯಾಂಗ ಬರೀಲಿರಿ? ಮಷೀನ ಆದ್ರೇನಾತು?" ಎಂದು, ಅಳತೆ ನೋಡಿಕೊಂಡು ಕತ್ತರಿಯ ಕಡೆ ಓಡಿದಳು. ಒಡಪಿನಲ್ಲಿ ಅವಳು ಹೇಳಿದ್ದು ಖರೆಯಾಯಿತು, ನನ್ನ ಕಣ್ಣು ತುಂಬಿ ಬಂತು.

ಸಂಜೆ ಬಸವ್ವ ಜಂಪರನ್ನು ಎದೆಗವಚಿಕೊಂಡು ಬಸ್ ಹಿಡಿಯಲು ಹೋದಳು. ಗಿರಿಜಾ ಮತ್ತೆ ಹೊಲಿಗೆ ಮಷೀನಿಗೆ ಕೂತಳು. ಒಳಗೆ ಕೂತ ನಾನು ಲೆಕ್ಕ ಹಾಕಿದೆ: ಯಾರೂ ನೋಡದ ಜಾಗದಲ್ಲೂ ಇವಳು ನನ್ನನ್ನು 'ಅವರು' ಎಂದಿಟ್ಟಿದ್ದಾಳೆ. ನಾನು ಇವಳನ್ನು ಏನೆಂದು ಕರೆದಿದ್ದೇನೆ? 'ಏ', 'ಇಕಿನ', 'ಕೇಳಿಲ್ಲೆ'. ಹೆಸರು ಹಿಡಿದು ಕರೆದದ್ದೇ ನೆನಪಿಲ್ಲ. ನಾಚಿಕೆಯಾಯಿತು. ಈಗಲಾದರೂ ಕರೆಯೋಣವೆಂದು ಗಂಟಲು ಸರಿಮಾಡಿಕೊಂಡು, ಆದಷ್ಟು ಪ್ರೀತಿಯಿಂದ "ಗಿರಿಜಾ" ಎಂದೆ. ಮಷೀನು ಓಡುತ್ತಲೇ ಇತ್ತು. ಇನ್ನೂ ಸ್ವಲ್ಪ ಪ್ರೀತಿ ಹಾಕಿ, ದೊಡ್ಡದಾಗಿ "ಗಿರಿಜಾ!" ಎಂದೆ.

ಮಷೀನು ಗಪ್ಪೆಂದು ನಿಂತಿತು. ಕೊರಳಲ್ಲಿ ಟೇಪು ಹಾಕಿಕೊಂಡೇ ಬಾಗಿಲಿಗೆ ಓಡಿಬಂದಳು. ಮುಖದಲ್ಲಿ ರಕ್ತವಿರಲಿಲ್ಲ.

"ಯಾಕ್ರಿ? ಈಗ ಮತ್ತೇನ ಅಳಿಸಿದ್ರಿ?"