ರಂಗದ ಮೇಲೊಂದು ಸ್ಟೂಲು

ಸಿಸ್ಲಿಯನ್ನು ನಾನು ಮೊದಲು ನೋಡಿದ್ದು ಲಂಡನ್ನಿನ ನಮ್ಮ ಬೀದಿಯ ಚರ್ಚಿನ ಬಾಗಿಲಲ್ಲಿ, ಭಾನುವಾರ ಬೆಳಿಗ್ಗೆ. ಕಪ್ಪು ಗೌನು, ಕತ್ತಿನ ಸುತ್ತ ಗಂಜಿ ಹಾಕಿದ ಬಿಳಿ ನೆರಿಗೆಪಟ್ಟಿ, ಅದರ ಮೇಲೆ ತಟ್ಟೆಯಲ್ಲಿಟ್ಟ ಹಣ್ಣಿನಂಥ ಮುಖ. ಬಟ್ಟೆ ವ್ಯಾಪಾರಿಯ ವಿಧವೆ. ನಾನು ಟೋಪಿ ತೆಗೆದು ಬಾಗಿದೆ. ಆಕೆ ಮೂಗಿಗೆ ಕರವಸ್ತ್ರ ಹಿಡಿದು, "ಇಲ್ಲೆಲ್ಲೋ ಕುರಿ ಕರಗ್ತಾ ಇದೆಯಲ್ಲ?" ಎಂದಳು. (ನಾನು ಕುರಿಕೊಬ್ಬು ಕರಗಿಸಿ ಮೊಂಬತ್ತಿ ಮಾಡಿ ಮಾರುವವನು.) ಅಲ್ಲೇ ನನ್ನ ಹೃದಯವೂ ಕರಗಿತು.

ಪಕ್ಕದ ಅಂಗಡಿಯ ಕೈಗವಸಿನ ಹಂಫ್ರಿ ಕಿಸಕ್ಕನೆ ನಕ್ಕ. ತನ್ನ ಬೋರ್ಡಿನಿಂದ ನನ್ನ ಬೋರ್ಡು ಮುಚ್ಚಿದಂದಿನಿಂದ ಅವನಿಗೂ ನನಗೂ ಮಾತಿಲ್ಲ. ಅವನೂ ಆಕೆಗೆ ಮಲ್ಲಿಗೆ ಗಂಧದ ಕೈಗವಸು ಕೊಟ್ಟು ಓಲೈಸುತ್ತಿದ್ದಾನೆಂದು ತಿಳಿದ ದಿನವೇ ನಾನು ದೊಡ್ಡ ಮನುಷ್ಯನಾಗಲು ತೀರ್ಮಾನಿಸಿದೆ.

ನಮ್ಮೂರಲ್ಲಿ ದೊಡ್ಡ ಮನುಷ್ಯರು ನಾಟಕ ನೋಡುವುದು ರಂಗದ ಮೇಲೇ ಸ್ಟೂಲು ಹಾಕಿಕೊಂಡು. ಜನ ನಾಟಕದ ಜೊತೆ ಅವರನ್ನೂ ನೋಡಬೇಕಲ್ಲ! ಸಿಸ್ಲಿ ನಾಟಕಕ್ಕೆ ಬರುವ ದಿನ ನಾನೂ ಒಂದು ಸ್ಟೂಲು ಹಿಡಿದೆ. ಬತ್ತಿ ಮಾರುವವನಿಗೆ ರೇಷ್ಮೆ ಎಲ್ಲಿಂದ ಬರಬೇಕು? ನಾಟಕದವರ ಉಡುಪು ಕಾಯುವವನಿಗೆ ಬಿಯರ್ ಕುಡಿಸಿ, ಹಳದಿ ರೇಷ್ಮೆ ಅಂಗಿ, ಮೊಳದುದ್ದ ಗರಿಯ ಟೋಪಿ ತಂದೆ.

ರಂಗದ ಮೇಲೆ ಕಾಲಿಟ್ಟದ್ದೇ ತಡ, ಜನ ಗೊಳ್ಳೆಂದರು. ಹಾಸ್ಯಗಾರ ಓಡಿ ಬಂದು ತಬ್ಬಿಕೊಂಡ: "ಬಂದ್ಯಾ, ಪೆದ್ದ ಮದುಮಗನೇ!" ಅದು ಪೆದ್ದ ಮದುಮಗನ ಪಾತ್ರದ ಅಂಗಿಯೆಂದು ಊರಿಗೆಲ್ಲ ಗೊತ್ತು. (ನಾನು ನಾಟಕಕ್ಕೆ ಬಂದದ್ದೇ ಅವತ್ತು ಮೊದಲ ಸಲ.)

"ನಾನು ನಾಟಕದವನಲ್ಲ ಕಣಯ್ಯಾ, ಮರ್ಯಾದಸ್ಥ!" ಎಂದು ಗುಡುಗಿದೆ. ನಗು ಇನ್ನೂ ಜೋರಾಯಿತು. "ಬೇಕಾದ್ರೆ ಮೇಲಿನ ಅಟ್ಟದಲ್ಲಿ ಕೂತಿರೋ ಸಿಸ್ಲಿಯಮ್ಮನವರನ್ನ ಕೇಳಿ! ಅವರನ್ನೇ ಮದುವೆಯಾಗಬೇಕು ಅಂತಿದೀನಿ!"

ಬಾಯಿ ಜಾರಿತ್ತು. ಅಷ್ಟರಲ್ಲಿ ನಿಜವಾದ ಪೆದ್ದ ಮದುಮಗ ಬರೀ ಒಳಅಂಗಿಯಲ್ಲಿ, "ಬಿಚ್ಚೋ ನನ್ನ ಅಂಗಿ!" ಎಂದು ಅಟ್ಟಿಸಿಕೊಂಡು ಬಂದ. ಸ್ಟೂಲನ್ನು ಗುರಾಣಿ ಮಾಡಿಕೊಂಡು ನಾನು ರಂಗವಿಡೀ ಪ್ರದಕ್ಷಿಣೆ ಹಾಕಿದೆ.

ಎಲ್ಲ ಮುಗಿದ ಮೇಲೆ ಸಿಸ್ಲಿ ಕಣ್ಣೊರೆಸಿಕೊಳ್ಳುತ್ತ ಕೆಳಗಿಳಿದು ಬಂದಳು. ಹಿಂದೆಯೇ ಹಂಫ್ರಿ.

"ಬಾರ್ನಬಿಯವ್ರೇ, ಯಜಮಾನ್ರು ಹೋದ ಮೇಲೆ ನಾನು ನಕ್ಕಿದ್ದೇ ಇವತ್ತು. ನನಗೆ ಒಪ್ಪಿಗೆ."

ಹಂಫ್ರಿಯ ಮುಖ ಹುಳ್ಳಗಾಯಿತು. ನಾನು ಎದೆಯುಬ್ಬಿಸುವಷ್ಟರಲ್ಲಿ ನಾಟಕ ತಂಡದ ಯಜಮಾನ ಬಂದು ಸಿಸ್ಲಿಗೆ ಕೈಮುಗಿದ: "ಅಮ್ಮಾ, ಇವರನ್ನ ನಮಗೆ ಬಿಟ್ಟುಕೊಡ್ತೀರಾ? ಇಷ್ಟು ಚೆನ್ನಾಗಿ ಪೆದ್ದಾಗೋಕೆ ನಮ್ಮವನಿಗೆ ಬರಲ್ಲ."

"ಥೂ! ನಾಟಕದವನಾಗೋದಾ? ಬತ್ತಿ ಮಾರೋನಿಗಿಂತ ಕೀಳು!" ಎಂದೆ.

"ಬರ್ತಾರೆ," ಎಂದಳು ಸಿಸ್ಲಿ. "ಅಂಗಡಿ ನಾನು ನೋಡ್ಕೋತೀನಿ."

ಈಗ ನಾನು ಪ್ರತಿ ಮಧ್ಯಾಹ್ನ ಪೆದ್ದ ಮದುಮಗನ ಪಾತ್ರ ಮಾಡಿ ಒದೆ ತಿನ್ನುತ್ತೇನೆ.