ಕುತ್ತಿಗೆಮಟ್ಟದ ನೀರಿನಿಂದ, ಹಲಗೆ ಅಳೆಯುವ ಯಂತ್ರದವರ ಸನ್ನಿಧಾನಕ್ಕೆ

ಮಾನ್ಯ ಅಳತೆಯಂತ್ರದವರೇ,

ಸಮುದ್ರದ ಅಲೆಯ ಮೇಲೆ ಸವಾರಿ ಮಾಡುವ ಹಲಗೆಗಳನ್ನು ಮಾರುವ ಕಂಪನಿಯ ಜಾಲತಾಣದಲ್ಲಿ ಹಗಲಿರುಳೆನ್ನದೆ ಕೂತು, ಕಂಡಕಂಡವರ ತೂಕ ಕೇಳಿ, ಅವರವರಿಗೆ ತಕ್ಕ ಹಲಗೆಯ ಗಾತ್ರ ಹೇಳುತ್ತಿರುವ ತಮಗೆ, ಮಾವಿ ದ್ವೀಪದ ಕಹುಲುಯಿ ದಂಡೆಯಿಂದ ನೊಹೆಯಾ ಎಂಬ ಅರವತ್ತೆಂಟರ ಮುದುಕಿ ಒದ್ದೆ ಕೂದಲಲ್ಲೇ ಮಾಡುವ ನಮಸ್ಕಾರಗಳು. ಇತ್ತ ನಾವೆಲ್ಲ ಕ್ಷೇಮ. ನನ್ನ ಎಡಗಿವಿಯೊಳಗೆ ಹೊಕ್ಕು ಕೂತಿರುವ ಸಮುದ್ರವೊಂದನ್ನು ಬಿಟ್ಟರೆ ಮಿಕ್ಕಿದ್ದೆಲ್ಲ ಇದ್ದಲ್ಲೇ ಇದೆ. ಅತ್ತ ತಮ್ಮ ತಂತಿಗಳಿಗೆ ಇಲಿ ತಗುಲದೆ, ತಲೆ ಬಿಸಿಯಾಗದೆ, ತಾವೂ ಆರೋಗ್ಯದಿಂದಿದ್ದೀರೆಂದು ನಂಬಿದ್ದೇನೆ. ನಾನು ಹೆಚ್ಚು ಓದಿದವಳಲ್ಲ. ಬೇರೆ ದ್ವೀಪಗಳಲ್ಲಿರುವ ತಂಗಿಯರಿಗೂ ಸೊಸೆಯಂದಿರಿಗೂ ಕಾಗದ ಬರೆದು ಬರೆದೇ ಬರೆಯುವುದನ್ನು ಕಲಿತವಳು. ಹಾಗಾಗಿ ದೂರು ಬರೆಯಲು ಕೂತರೂ ಕೈ ತಾನಾಗಿ ಕುಶಲ ವಿಚಾರಿಸಿಬಿಡುತ್ತದೆ. ಅಂದ ಹಾಗೆ, ಊಟ ಆಯಿತೇ?

ಮೊದಲು ತಮ್ಮನ್ನು ಹೊಗಳದೆ ಮುಂದೆ ಹೋದರೆ ಅದು ಕೃತಘ್ನತೆಯಾದೀತು. ಎಪ್ಪತ್ತು ಸಮೀಪಿಸಿದ ಹೆಂಗಸಿನ ತೂಕವನ್ನು ಮುಖಕ್ಕೆ ಮುಖ ಕೊಟ್ಟು ಕೇಳುವ ಧೈರ್ಯ ಈ ದ್ವೀಪದಲ್ಲಿ ಯಾವ ಗಂಡಸಿಗೂ ಇರಲಿಲ್ಲ, ತಾವು ಕೇಳಿದಿರಿ. ಅದೂ ನಾವು ಹುಟ್ಟಿದಾಗಿನಿಂದ ಬಳಸುವ ಪೌಂಡಿನಲ್ಲಲ್ಲ, ಕಿಲೋದಲ್ಲಿ. ನನ್ನ ಗಂಡ ಹೈರಮ್ ನನ್ನನ್ನು ಬಂದರಿನ ಮೀನು ತೂಗುವ ತಕ್ಕಡಿಯ ಮೇಲೆ ನಿಲ್ಲಿಸಿ, ಮುಳ್ಳು ನೋಡಿ, "ಒಳ್ಳೇ ಮೀನು ಕಣೇ, ಹರಾಜಿಗೆ ಹಾಕೋಣ್ವಾ?" ಎಂದು ಕೇಳಿ, ಇನ್ನೂರ ಮೂವತ್ತು ಪೌಂಡು ಎಂದು ಸಾರಿದ. ತಮ್ಮ ಕಿಲೋಗೆ ಇಳಿಸಿ ನೋಡಿದರೆ ನಾನು ಬರೀ ನೂರಾನಾಲ್ಕು! ಯಾವ ಪಥ್ಯವೂ, ಯಾವ ವೈದ್ಯನೂ ಮಾಡದ ಉಪಕಾರವನ್ನು ತಾವು ಒಂದು ಖಾಲಿ ಚೌಕದಿಂದ ಮಾಡಿದಿರಿ. ಆ ಸಂತೋಷಕ್ಕೆ ಅವತ್ತು ಎರಡು ತಟ್ಟೆ ಅನ್ನ ಹೆಚ್ಚಿಗೆ ಉಂಡೆ.

ಇಷ್ಟಕ್ಕೂ ಈ ವಯಸ್ಸಿನಲ್ಲಿ ಈ ಹಲಗೆಯ ಹುಚ್ಚು ನನಗೇಕೆ ಎಂದು ತಾವು ಕೇಳಬಹುದು. ಕೇಳದಿದ್ದರೂ ಹೇಳುತ್ತೇನೆ.

ನಮ್ಮ ಮನೆಯಲ್ಲಿ ಹಬ್ಬದೂಟವೆಂದರೆ ಇಮು. ಹಿಂದಿನ ದಿನವೇ ಕುಳಿ ತೋಡಿ, ಕಲ್ಲು ಕಾಯಿಸಿ, ಹಂದಿಯನ್ನು ಬಾಳೆಲೆಯಲ್ಲಿ ಸುತ್ತಿ ಒಳಗಿಟ್ಟು, ಮೇಲೆ ಒದ್ದೆ ಗೋಣಿ ಹಾಸಿ ಮಣ್ಣು ಮುಚ್ಚುತ್ತೇವೆ. ಮಾರನೇ ದಿನ ಮೊದಲ ಗೋಣಿ ಎತ್ತಿ, ಮೊದಲ ಆವಿಗೆ ಮುಖವೊಡ್ಡಿ, ಮೊದಲ ತುಂಡನ್ನು ಬೆರಳಲ್ಲಿ ಹರಿದು ಬಾಯಿಗಿಡುವ ಗೌರವ ಯಾರದೆಂಬುದನ್ನು ನಾವು ವಯಸ್ಸು ನೋಡಿ ತೀರ್ಮಾನಿಸುವುದಿಲ್ಲ, ಸಮುದ್ರಕ್ಕೆ ಬಿಡುತ್ತೇವೆ. ಬೆಳಿಗ್ಗೆ ಹವಳದ ದಿಬ್ಬದಾಚೆ ಹೋಗಿ, ಒಂದೇ ಅಲೆ ಹಿಡಿದು, ಮೊದಲು ಮರಳು ಮುಟ್ಟಿದವರಿಗೆ ಇಮು. ನಮ್ಮಪ್ಪ ಕಣ್ಣುಮುಚ್ಚಿದ ಮೇಲೆ ನನ್ನ ಹಳೆಯ ಉದ್ದ ಹಲಗೆಯ ಮೇಲೆ ನಿಂತು ಪ್ರತಿ ಹಬ್ಬದಲ್ಲೂ ಆ ಗೋಣಿ ಎತ್ತಿದವಳು ನಾನೇ.

ಕಳೆದ ವರ್ಷ ನನ್ನ ತಮ್ಮ ಪಲಾನಿ, ಬೋಳುತಲೆಗೆ ಎಣ್ಣೆ ಹಚ್ಚಿಕೊಂಡು, ತಾವು ಕೆಲಸ ಮಾಡುವ ಕಂಪನಿಯ ಫಾಯಿಲ್ ಹಲಗೆ ತಂದ. ಹೊಟ್ಟೆಯಡಿ ಒಂದು ಕಂಬ, ಕಂಬದ ಬುಡಕ್ಕೆ ವಿಮಾನದಂಥ ರೆಕ್ಕೆ. ಅಲೆಯ ವೇಗ ಸಿಕ್ಕಿದೊಡನೆ ಹಲಗೆ ನೀರು ಬಿಟ್ಟು ಮೊಣಕಾಲೆತ್ತರಕ್ಕೆ ಏಳುತ್ತದೆ, ಮೇಲೆ ನಿಂತವನು ಸದ್ದಿಲ್ಲದೆ ಹಾರುತ್ತಾನೆ. ನಾನಿನ್ನೂ ಅಲೆಯ ಬೆನ್ನ ಮೇಲಿರುವಾಗಲೇ ಅವನು ದಡದಲ್ಲಿ ಕಾಲು ಒರೆಸಿಕೊಳ್ಳುತ್ತಿದ್ದ. ಇಮು ಅವನ ಪಾಲಾಯಿತು. "ಅಕ್ಕಾ, ನೀನು ಅನ್ನ ಬಡಿಸು ಹೋಗು" ಎಂದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆನ್ನುತ್ತಾರಲ್ಲ, ಅದು ನನ್ನ ಪಾಲಿಗೆ ಗಾದೆಯಲ್ಲ, ಕಣ್ಣೆದುರಿನ ಹಂದಿ.

ಈ ವರ್ಷದ ಹಬ್ಬ ಬೇರೆ ಯಾರದೂ ಅಲ್ಲ, ನನ್ನ ಸ್ವಂತ ಮೊಮ್ಮಗ ಇಕಾಯ್ಕನ ಮೊದಲ ಹುಟ್ಟುಹಬ್ಬ. ನನ್ನ ಮೊಮ್ಮಗನ ಇಮುವಿನ ಗೋಣಿಯನ್ನು ಪಲಾನಿ ಎತ್ತುವುದೆಂದರೆ ನಾನು ಬದುಕಿದ್ದೂ ಫೋಟೋ ಆದಂತೆ. ಅದಕ್ಕೇ ತಮ್ಮ ಬಾಗಿಲಿಗೆ ಬಂದೆ.

ತೂಕದ ಪ್ರಶ್ನೆಗೆ ನಾನು ಸತ್ಯ ಹೇಳಿದೆ; ಮೀನಿನ ತಕ್ಕಡಿಯೇ ಸಾಕ್ಷಿ. ಆಮೇಲೆ ತಾವು ಎರಡನೇ ಪ್ರಶ್ನೆ ಕೇಳಿದಿರಿ: "ನೀವು ಎಂಥವರು?" ಮೂರು ಉತ್ತರಗಳನ್ನೂ ತಾವೇ ದಯಪಾಲಿಸಿದಿರಿ: ಈಗಷ್ಟೇ ಕಲಿಯುವವರು, ತಕ್ಕಮಟ್ಟಿಗೆ ಬಲ್ಲವರು, ಪಳಗಿದವರು. ಮಾನ್ಯರೇ, ನನ್ನ ಹೊಕ್ಕುಳಬಳ್ಳಿ ಒಣಗಿ ಬೀಳುವ ಮುಂಚೆಯೇ ನಮ್ಮಪ್ಪ ನನ್ನನ್ನು ಈ ಸಮುದ್ರಕ್ಕೆ ಅದ್ದಿ ತೆಗೆದವನು. ನಮ್ಮ ಮನೆಯಲ್ಲಿ "ನನಗೆ ಸಮುದ್ರ ಬರುವುದಿಲ್ಲ" ಎಂದು ಹೇಳುವುದೂ ಒಂದೇ, "ನನಗೆ ಉಸಿರಾಡಲು ಬರುವುದಿಲ್ಲ" ಎಂದು ಹೇಳುವುದೂ ಒಂದೇ. ತಮ್ಮ ಯಜಮಾನರಿಗೆ ಹಾಲುಹಲ್ಲು ಮೂಡುವ ಮುಂಚೆ ಈ ದಿಬ್ಬದ ಮೇಲೆ ಅಲೆ ಹತ್ತಿದವಳು ನಾನು "ಈಗಷ್ಟೇ ಕಲಿಯುವವರು" ಎಂಬುದನ್ನು ಒತ್ತಲೇ? ಅಪ್ಪನ ಫೋಟೋ ಗೋಡೆಯಿಂದ ತಾನಾಗಿ ಕೆಳಗೆ ಬೀಳುತ್ತಿತ್ತು. ಹೆಬ್ಬೆರಳನ್ನು "ಪಳಗಿದವರು" ಎಂಬುದರ ಮೇಲೆ ಬಲವಾಗಿ ಊರಿದೆ. ತಾವೋ ನನ್ನಂಥ ಪ್ರಾಯದವಳು ಪಳಗಿದವಳು ಹೇಗೆ ಎಂದು ಒಂದು ಮಾತೂ ಕೇಳದೆ, ಪೂರ್ತಿ ನಂಬಿ, "ನಿಮಗೆ ನಲವತ್ತೈದು ಲೀಟರಿನ ಹಲಗೆ" ಎಂದು ಅಪ್ಪಣೆ ಕೊಡಿಸಿದಿರಿ. ನನ್ನನ್ನು ಇಷ್ಟು ನಂಬಿದವರು ಈ ಜನ್ಮದಲ್ಲಿ ತಾವೊಬ್ಬರೇ.

ಹಲಗೆ ಬಂದ ದಿನ ಹೈರಮ್ ಪೆಟ್ಟಿಗೆ ಬಿಚ್ಚಿ ಬಹಳ ಹೊತ್ತು ಒಳಗೆ ಇಣುಕಿದ. "ಹಲಗೆ ಎಲ್ಲೇ? ಇದು ಮೀನು ಹೆಚ್ಚೋ ಮಣೆ" ಎಂದ. ಆಗ ಕನ್ನಡಕ ಹಾಕಿಕೊಂಡು ತಮ್ಮ ಪುಟದ ತಳದಲ್ಲಿ ಇರುವೆಗಾತ್ರದ ಅಕ್ಷರಗಳಲ್ಲಿ ಬರೆದದ್ದನ್ನು ಓದಿದೆ. ಮೈ ಎಷ್ಟು ಕಿಲೋ ಇದೆಯೋ ಹಲಗೆಯ ಗಾತ್ರ ಅಷ್ಟು ಲೀಟರ್ ಇದ್ದರೆ ಹೇಗೋ ಹೇಗೋ ತೇಲುತ್ತದೆ. ಕಲಿಯುವವರು ಅದರ ಮೇಲೆ ಇನ್ನೂ ಮೂವತ್ತು ಲೀಟರ್ ಸೇರಿಸಿಕೊಳ್ಳತಕ್ಕದ್ದು. ಪಳಗಿದವರು ಅರ್ಧಕ್ಕಿಂತಲೂ ಕೆಳಗಿಳಿಯಬಹುದು, ಅಂಥ ಹಲಗೆ ಕೂತರೆ ಮುಳುಗುತ್ತದೆ, ಓಡಿದರೆ ಮಾತ್ರ ಏಳುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದು ಸರಿಯೇ. ತಾವು ಕಳಿಸಿದ ಹಾಸಿಗೆಯಲ್ಲಿ ನನ್ನ ಒಂದು ಕಾಲಿಗೆ ಮಾತ್ರ ಜಾಗವಿತ್ತು.

ಹಿಂದಕ್ಕೆ ಕಳಿಸಬಹುದಿತ್ತಲ್ಲ ಎನ್ನುತ್ತೀರಿ. ಕಳಿಸಲು ಹೋದೆ. ಬದಲಿ ಹಲಗೆ ಬೇಕಾದರೆ ಮತ್ತೆ ಮೊದಲಿಂದ ಉತ್ತರಿಸಿ ಎಂದಿರಿ. ತೂಕ ಬರೆದೆ. ಎರಡನೇ ಪ್ರಶ್ನೆ ಬಂತು. ಹೆಬ್ಬೆರಳು "ಕಲಿಯುವವರು" ಎಂಬುದರ ತನಕ ಹೋಗಿ, ಬಿಸಿ ಹೆಂಚು ಮುಟ್ಟಿದಂತೆ ಹಿಂದೆ ಬಂತು. ಹೈರಮ್ ಪಕ್ಕದಲ್ಲಿ ನಿಂತು, "ಒತ್ತೇ, ಯಾರೂ ನೋಡ್ತಿಲ್ಲ" ಎಂದ. "ನಾನು ನೋಡ್ತಿದೀನಲ್ಲ!" ಎಂದು ಗದರಿಸಿ ಫೋನನ್ನು ಅಕ್ಕಿಯ ಡಬ್ಬದ ಹಿಂದೆ ಇಟ್ಟುಬಿಟ್ಟೆ.

ಆಮೇಲೆ ಬಂದರಿನ ಒಳನೀರಿನಲ್ಲಿ ಅಭ್ಯಾಸಕ್ಕೆ ನಿಂತೆ. ನಿಂತೆ ಎಂದದ್ದು ಮಾತಿಗೆ. ನಾನು ಕೂರುವುದು, ಹಲಗೆ ವಿನಯದಿಂದ ತಳಕ್ಕಿಳಿಯುವುದು, ನೀರು ಮೊದಲು ಸೊಂಟಕ್ಕೆ, ಆಮೇಲೆ ಎದೆಗೆ, ಕೊನೆಗೆ ಗಲ್ಲಕ್ಕೆ ಬರುವುದು. ಇದಿಷ್ಟೇ ನಡೆಯಿತು. ಒಂದು ಮುದಿ ಆಮೆ ದಿನವೂ ಬಂದು, ಕಣ್ಣಿಗೆ ಕಣ್ಣು ಕೂಡಿಸಿ, ಯಾರೋ ನಮ್ಮ ಪೈಕಿಯವರೇ ಇರಬೇಕೆಂಬಂತೆ ನೋಡಿಕೊಂಡು ಹೋಗುತ್ತಿತ್ತು. ದಡದಿಂದ ಪಲಾನಿ ಕೂಗುತ್ತಿದ್ದ: "ಅಕ್ಕಾ! ಹಲಗೆ ಮೇಲೆ ನೀನು ಕೂತಿದ್ದೀಯೋ, ನಿನ್ನ ಕೆಳಗೆ ಅದು ಅಡಗಿ ಕೂತಿದೆಯೋ?"

ಹಬ್ಬದ ಬೆಳಿಗ್ಗೆ ಹವಳದ ದಿಬ್ಬದಾಚೆ ನಾವಿಬ್ಬರೂ ಅಲೆಗೆ ಕಾದೆವು. ನಾನು ಕುತ್ತಿಗೆಮಟ್ಟದ ನೀರಿನಲ್ಲಿ, ಬರೀ ತಲೆಯೊಂದು ತೇಲುವ ತೆಂಗಿನಕಾಯಿಯ ಹಾಗೆ. ಪಲಾನಿ ತನ್ನ ಹಲಗೆಯ ಮೇಲೆ ಜಗಲಿಯಲ್ಲಿ ಕೂತವನಂತೆ ಕಾಲು ಇಳಿಬಿಟ್ಟು, ಜೇಬಿನಿಂದ ಮುಸುಬಿ ಎಂಬ ಅನ್ನದ ಮುದ್ದೆ ತೆಗೆದು ತಿನ್ನುತ್ತ, "ಚೂರು ಬೇಕಾ ಅಕ್ಕಾ? ಓಹೋ, ನಿನಗೆ ಕೈ ಮೇಲೆತ್ತಕ್ಕಾಗಲ್ಲ ಅಲ್ವಾ" ಎಂದು ವಿಚಾರಿಸಿಕೊಂಡ. ಅಲೆ ಬಂತು. ಅವನು ಎದ್ದ, ನಿಂತ, ಹಾರಿದ. ನಾನು ಅದೇ ಅಲೆಯನ್ನು ಬೋರಲು ಮಲಗಿ ಹಿಡಿದೆ. ತಮ್ಮ ರೆಕ್ಕೆ ಒಂದು ಗಳಿಗೆ ನನ್ನನ್ನು ನೀರಿನಿಂದ ಎತ್ತಿದ್ದೂ ನಿಜ. ಆ ಗಳಿಗೆಯಲ್ಲಿ ತಮ್ಮನ್ನು ಮನಸಾರೆ ಕ್ಷಮಿಸಿಬಿಟ್ಟಿದ್ದೆ. ಮರುಗಳಿಗೆ ಹಲಗೆ ಒಂದು ದಿಕ್ಕು, ನಾನೊಂದು ದಿಕ್ಕು. ಬಾಯಿ ತುಂಬ ಮರಳಿಟ್ಟುಕೊಂಡು ದಡಕ್ಕೆ ಬಂದು ಬಿದ್ದಾಗ ಪಲಾನಿ ಆಗಲೇ ಕುಳಿಯ ಪಕ್ಕದಲ್ಲಿ ನಿಂತು, ನೆಂಟರಿಷ್ಟರನ್ನೆಲ್ಲ ಕೂಗಿ ಕರೆಯುತ್ತಿದ್ದ. ಅವನ ಬಗಲಲ್ಲಿ ಇಕಾಯ್ಕ. ನನ್ನ ಮೊಮ್ಮಗ, ಅವನ ಬಗಲಲ್ಲಿ!

ಆಗ, ಮಾನ್ಯರೇ, ತಮ್ಮ ಇರುವೆಗಾತ್ರದ ಅಕ್ಷರಗಳು ನನ್ನ ತಲೆಯೊಳಗೆ ಆನೆಗಾತ್ರವಾಗಿ ಎದ್ದು ನಿಂತವು. ನನ್ನ ಕಣ್ಣು ಪಲಾನಿಯ ಚಡ್ಡಿಯ ಮೇಲೆ ಬಿತ್ತು. ಒಣಗಿತ್ತು. ಸೊಂಟದ ಬಳಿ ಒಂದು ಹನಿಯೂ ಇಲ್ಲ. ಜೇಬಿನ ಮುಸುಬಿ ಕೂಡ ನೆನೆಯದೆ ಗಟ್ಟಿಯಾಗಿಯೇ ಇತ್ತಲ್ಲ! ಪಳಗಿದವರ ಹಲಗೆ ಕೂತರೆ ಮುಳುಗುತ್ತದೆ ಎಂದವರು ತಾವು. ಕಳೆದ ಹಬ್ಬದಲ್ಲಿ ತಿಂದದ್ದನ್ನು ಇನ್ನೂ ಹೊಟ್ಟೆಯಲ್ಲೇ ಇಟ್ಟುಕೊಂಡಿರುವ ಆ ಮಹಾಕಾಯ, ಅಷ್ಟು ಹೊತ್ತು ಚಡ್ಡಿ ಒದ್ದೆಯಾಗದಂತೆ ಕೂತಿದ್ದನೆಂದರೆ ಆ ಹಲಗೆ ಹಲಗೆಯಲ್ಲ, ದೋಣಿ. ಅಷ್ಟು ದೊಡ್ಡ ದೋಣಿಯನ್ನು ತಾವು ಕೊಡುವುದು ಒಂದೇ ಜಾತಿಯ ಜನಕ್ಕೆ.

ಗೋಣಿಗೆ ಕೈಹಾಕಲು ಬಗ್ಗಿದವನ ಪಕ್ಕ ನಾನೂ ಬಗ್ಗಿದೆ. ಕಿವಿಯ ಹತ್ತಿರ ಮೆಲ್ಲಗೆ ಕೇಳಿದೆ: "ಪಲಾನಿ, ಎರಡನೇ ಪ್ರಶ್ನೆಗೆ ನೀನು ಏನು ಒತ್ತಿದೆ?"

ಬೋಳುತಲೆ ಪೂರ್ತಿ ಕೆಂಪಾಯಿತು. "ಅಕ್ಕಾ, ಮೆತ್ತಗೆ. ಚಿಕ್ಕಪ್ಪನ ಮಕ್ಕಳೆಲ್ಲ ಇದಾರೆ."

"ಏನು ಒತ್ತಿದೆ ಅಂದೆ."

"ಕಲಿಯುವವರು ಅಂತ," ಎಂದ, ಹಂದಿಗೂ ಕೇಳಿಸದಷ್ಟು ಸಣ್ಣ ದನಿಯಲ್ಲಿ. "ಯಂತ್ರಕ್ಕೆ ನಮ್ಮಪ್ಪ ಯಾರು ಅಂತ ಗೊತ್ತಾ? ಒತ್ತಿದೆ. ಮೂರು ದಿನ ಅಪ್ಪನ ಫೋಟೋ ಕಡೆ ಬೆನ್ನು ಹಾಕಿ ಮಲಗಿದೆ. ಆಮೇಲೆ ಹಾರಿದೆ."

ಆಶ್ಚರ್ಯ ನೋಡಿ, ಆ ಕ್ಷಣದಿಂದ ಆ ಗೋಣಿ ಪಲಾನಿ ಎತ್ತಲಾರದಷ್ಟು ಭಾರವಾಯಿತು. "ಬನ್ರೋ, ನಮ್ಮಕ್ಕ ಎತ್ತಲಿ, ಮೊಮ್ಮಗ ಅವಳದು, ನನಗೆ ಸೊಂಟ ಹಿಡಿದಿದೆ" ಎಂದು ಪಲಾನಿ ಎಲ್ಲರಿಗೂ ಕೇಳುವಂತೆ ಸಾರಿದ. ನಾನು ಎತ್ತಿದೆ. ಮೊದಲ ಆವಿ ನನ್ನ ಮುಖಕ್ಕೇ ಬಡಿಯಿತು. ಮೊದಲ ತುಂಡು ನನ್ನ ಬಾಯಿಗೆ, ಎರಡನೆಯದು ಇಕಾಯ್ಕನ ಬಾಯಿಗೆ. ಮೂರನೆಯದನ್ನು ಪಲಾನಿಯ ಬಾಯಿಗೆ ತುರುಕಿದೆ, ಅದು ಮುಚ್ಚಿರಲೆಂದು.

ಊಟವಾದ ಮೇಲೆ ಹೈರಮ್, ತಾವು ಕಳಿಸಿದ ನಲವತ್ತೈದು ಲೀಟರಿನ ಹಲಗೆಯ ಕಂಬ, ರೆಕ್ಕೆ ಎಲ್ಲ ಕಳಚಿ, ಮೊಣಕಾಲುದ್ದದ ನೀರಿನಲ್ಲಿ ತೇಲಬಿಟ್ಟು, ಅದರ ಮೇಲೆ ಇಕಾಯ್ಕನನ್ನು ಕೂರಿಸಿದ. ಮಗು ಕೆಸುವಿನ ಗೆಡ್ಡೆ ಅರೆದ ಪೊಯಿ ಮೆತ್ತಿದ ಎರಡೂ ಕೈಯಿಂದ ಹಲಗೆ ಬಡಿಯಿತು, ಕೂಗಿತು; ಹಲಗೆ ಅಲುಗಲಿಲ್ಲ, ಮಗು ಬೀಳಲಿಲ್ಲ, ಅದರ ಅಂಡಿಗೆ ನೀರೂ ಸೋಕಲಿಲ್ಲ. ಹೈರಮ್ ಬೆರಳು ಮಡಿಸಿ ಲೆಕ್ಕ ಹಾಕಿದ: ಮಗು ಹನ್ನೊಂದು ಕಿಲೋ, ಕಲಿಯುವವರಿಗೆ ಮೇಲೆ ಮೂವತ್ತು, ಮೈಗೆ ಮೆತ್ತಿದ ಪೊಯಿ ನಾಲ್ಕು ಕಿಲೋ, ಅಲ್ಲಿಗೆ ನಲವತ್ತೈದು. "ಯಂತ್ರದ್ದೇನೂ ತಪ್ಪಿಲ್ಲ ಕಣೇ. ಅಳತೆ ಸರಿಯಾಗೇ ಇದೆ. ಕೂತೋರು ಬೇರೆ, ಅಷ್ಟೇ." ಈ ಮಾತನ್ನು ತಮಗೆ ತಿಳಿಸಬೇಕೆಂದೇ ಈ ಕಾಗದ ಇಷ್ಟು ಉದ್ದವಾಯಿತು. ಹಲಗೆ ಈಗ ಮಗುವಿನದು, ಹುಟ್ಟುಹಬ್ಬದ ಉಡುಗೊರೆ.

ಇನ್ನು ನನ್ನ ಸಣ್ಣಪುಟ್ಟ ಕೋರಿಕೆಗಳು. ತಮ್ಮ ಎರಡನೇ ಪ್ರಶ್ನೆಗೆ ದಯವಿಟ್ಟು ನಾಲ್ಕನೆಯ ಉತ್ತರವೊಂದನ್ನು ಸೇರಿಸಬೇಕು: "ಸಮುದ್ರ ಹಳೆಯದು, ಹಲಗೆ ಮಾತ್ರ ಹೊಸದು." ಅದನ್ನು ನಾನು ಅಪ್ಪನ ಫೋಟೋದೆದುರೇ ನಿಂತು ಒತ್ತುತ್ತೇನೆ. ತೂಕ ಕೇಳುವಾಗ ಹಬ್ಬದೂಟಕ್ಕೆ ಮುಂಚಿನದೋ ನಂತರದ್ದೋ ಎಂದೂ ಕೇಳಬೇಕು. ನಮ್ಮಲ್ಲಿ ಅದು ಒಂದು ಇಡೀ ಮಗುವಿನಷ್ಟು ವ್ಯತ್ಯಾಸ. ಇವೆರಡೂ ಕಷ್ಟವೆನಿಸಿದರೆ, ಈ ಬಂದರಿನ ನೀರಿಗೆ ಇನ್ನೊಂದಿಷ್ಟು ಉಪ್ಪು ಹಾಕಿಸಿ, ನಾನು ಎಂಥ ಹಲಗೆಯ ಮೇಲೂ ತೇಲುವಂತೆ ಮಾಡಿಕೊಟ್ಟರೂ ನಡೆಯುತ್ತದೆ. ಆಮೆಯ ಒಪ್ಪಿಗೆಯನ್ನು ನಾನೇ ಕೇಳಿಕೊಳ್ಳುತ್ತೇನೆ.

ಮುಂದಿನ ಹಬ್ಬದ ಹೊತ್ತಿಗೆ ಪಲಾನಿಯ ಗುಟ್ಟು ಹಳಸಿರುತ್ತದೆ. ಆಗ ಗೋಣಿ ಮತ್ತೆ ಹಗುರವಾಗುತ್ತದೆ. ಹಾಗಾಗಿ ನಿನ್ನೆ ಹೈರಮ್ ಮೀನಿಗೆ ಹೋದಾಗ, ಅಪ್ಪನ ಫೋಟೋದ ಮೇಲೆ ಒಂದು ಟವೆಲ್ ಹೊದಿಸಿ, ಅಕ್ಕಿ ಡಬ್ಬದ ಹಿಂದಿನಿಂದ ಫೋನು ತೆಗೆದು, ಕಣ್ಣು ಮುಚ್ಚಿ, ಅವತ್ತು ಹೆಬ್ಬೆರಳು ಹಿಂಜರಿದ ಆ ಉತ್ತರವನ್ನು ಒತ್ತಿದ್ದೇನೆ. ನೂರ ಮೂವತ್ತನಾಲ್ಕು ಲೀಟರ್ ಎಂದಿರಿ. ಆಗಲಿ. ಬೇಗ ಕಳಿಸಿಕೊಡಿ.

ಇಂತಿ, ತಾನು ಮುಳುಗಿದರೂ ತಮ್ಮ ಮೇಲಿನ ನಂಬಿಕೆಯನ್ನು ತೇಲಿಸಿಕೊಂಡು ಬಂದಿರುವ
ತಮ್ಮ ವಿಶ್ವಾಸಿ,
ನೊಹೆಯಾ
(ಸಮುದ್ರದಲ್ಲಿ ಹಿರಿಯಳು, ಹಲಗೆಯಲ್ಲಿ ಇಕಾಯ್ಕನ ಓರಗೆಯವಳು)

ತಾ.ಕ.: ಇದು ನಮ್ಮಿಬ್ಬರ ನಡುವಿನ ಗುಟ್ಟೆಂದು ನಾನು ತಿಳಿದಿದ್ದೆ. ತಾವು ಇಂದು ಬೆಳಿಗ್ಗೆಯೇ "ಕಲಿಯುವವರ ಬಳಗಕ್ಕೆ ನೊಹೆಯಾ ಅವರಿಗೆ ಸ್ವಾಗತ! ಇವರನ್ನು ನೀವು ಬಲ್ಲಿರಾ?" ಎಂದು ಬಳಗದ ಹಳೆಯ ಸದಸ್ಯರಿಗೆಲ್ಲ ಸಂದೇಶ ಕಳಿಸಿದಿರಂತೆ. ನಮ್ಮ ಊರಿನಲ್ಲಿ ಆ ಬಳಗದ ಹಳೆಯ ಸದಸ್ಯ ಒಬ್ಬನೇ. ಈಗ ಅವನು ನಮ್ಮ ಜಗಲಿಯಲ್ಲಿ ಕಾಲು ಇಳಿಬಿಟ್ಟು ಕೂತು, ನನ್ನನ್ನೇ ನೋಡುತ್ತ ಮುಸುಬಿ ತಿನ್ನುತ್ತಿದ್ದಾನೆ.